ಔಟರ್ ವೈಲ್ಡ್ಸ್: ಕಿವಿಯೇ ದಿಕ್ಸೂಚಿಯಾಗುವ ವಿಡಿಯೊ ಗೇಮ್

‘ಔಟರ್ ವೈಲ್ಡ್ಸ್’ ಆಡತೊಡಗಿದ ಎರಡನೆಯ ದಿನವೋ ಮೂರನೆಯ ದಿನವೋ ನನ್ನ ನೌಕೆ ಹಿಡಿತ ತಪ್ಪಿ, ಗ್ರಹಗಳನ್ನೆಲ್ಲ ದಾಟಿ ಬಹುದೂರ ಹೋಗಿಬಿಟ್ಟಿತ್ತು. ಮರಳುವ ದಾರಿ ಕಾಣಬಹುದೇನೋ ಎಂದು ದೂರದ ದನಿಗಳನ್ನು ಹಿಡಿಯುವ ಸಿಗ್ನಲ್‌ಸ್ಕೋಪ್ ಎಂಬ ಉಪಕರಣವನ್ನು ಸೂರ್ಯನತ್ತ ತಿರುಗಿಸಿದಾಗ, ಅಲ್ಲಿಯವರೆಗೆ ಒಂದೊಂದು ಗ್ರಹದಲ್ಲಿ ಒಂದೊಂದಾಗಿ ಕೇಳಿದ್ದ ಬ್ಯಾಂಜೊ, ಕೊಳಲು, ಮೌತ್ ಆರ್ಗನ್, ಡ್ರಮ್ ಮತ್ತು ಸಿಳ್ಳೆ ಎಲ್ಲವೂ ಒಂದೇ ಲಯದಲ್ಲಿ, ಒಂದೇ ಹಾಡಾಗಿ ಕೇಳಿಬಂದವು. ಪರಸ್ಪರ ಕಾಣದಷ್ಟು ದೂರ ಕುಳಿತ ಐವರು ಇಷ್ಟು ಹೊತ್ತೂ ಜೊತೆಯಾಗಿಯೇ ನುಡಿಸುತ್ತಿದ್ದರು ಎಂಬುದು ಹೊಳೆದ ಆ ಗಳಿಗೆಯಲ್ಲಿ ನಾನು ಮರಳುವ ಯೋಚನೆಯನ್ನೇ ಬಿಟ್ಟು ಕೇಳುತ್ತ ಕುಳಿತೆ. ಈ ಗೇಮಿನ ಕಥೆ ಏನೆಂದು ನನಗೆ ಮೊದಲು ಅರ್ಥವಾದದ್ದು ಆಗಲೇ, ಅದೂ ಒಂದು ಮಾತಿನ ನೆರವಿಲ್ಲದೆ.

ಮೊಬಿಯಸ್ ಡಿಜಿಟಲ್ ಎಂಬ ಸಂಸ್ಥೆ ರೂಪಿಸಿ 2019ರಲ್ಲಿ ಬಿಡುಗಡೆಯಾದ ಈ ಗೇಮ್ ಮೊದಲಿಗೆ ಅಲೆಕ್ಸ್ ಬೀಚಮ್ ಅವರ ಸ್ನಾತಕೋತ್ತರ ವಿದ್ಯಾರ್ಥಿ ಯೋಜನೆಯಾಗಿ ಹುಟ್ಟಿಕೊಂಡಿತು. 2020ರಲ್ಲಿ ಅತ್ಯುತ್ತಮ ಗೇಮ್ ಎಂಬ, ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯನ್ನೂ ಪಡೆಯಿತು. ಸಂಗೀತ ಆಂಡ್ರ್ಯೂ ಪ್ರಾಲೊ ಅವರದು. ಆಟಗಾರ ಒಂದು ಪುಟ್ಟ ಸೌರಮಂಡಲದ ಹೊಸ ಗಗನಯಾತ್ರಿ. ಸುಮಾರು 22 ನಿಮಿಷಗಳಾಗುತ್ತಿದ್ದಂತೆ ಸೂರ್ಯ ಸಿಡಿದು ಎಲ್ಲವೂ ಅಳಿಯುತ್ತದೆ, ಆತ ಮತ್ತೆ ಊರಿನ ಬೆಂಕಿಯ ಪಕ್ಕದಲ್ಲಿ ಕಣ್ಣು ತೆರೆಯುತ್ತಾನೆ. ಗುಂಡು ಹಾರಿಸುವುದಾಗಲಿ, ಶಕ್ತಿ ಹೆಚ್ಚಿಸಿಕೊಳ್ಳುವುದಾಗಲಿ ಇಲ್ಲಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಉಳಿಯುವುದು ತಿಳಿದುಕೊಂಡದ್ದು ಮಾತ್ರ.

ಸಂಯೋಜಕರ ಕೆಲಸ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಆ ಐವರಲ್ಲಿ ಒಬ್ಬರಾದ ರಿಬೆಕ್ ಎಂಬ ಪಾತ್ರವೊಂದೇ ಸಾಕು. ಅವರು ಪುರಾತತ್ವಜ್ಞರು, ಅಂತರಿಕ್ಷವೆಂದರೆ ಅವರಿಗೆ ಭಯ. ನೆಲವೇ ತುಂಡು ತುಂಡಾಗಿ ಕುಸಿದು ಒಡಲಿನ ಕಪ್ಪುಕುಳಿಗೆ ಬೀಳುತ್ತಿರುವ ಗ್ರಹದಲ್ಲಿ, ಬೆಂಕಿಯ ಮುಂದೆ ಕುಳಿತು ಬ್ಯಾಂಜೊ ನುಡಿಸುತ್ತಿರುತ್ತಾರೆ. ನಾನು ಅವರನ್ನು ಹುಡುಕಿದ್ದು ಆ ನಾದವನ್ನೇ ಹಿಡಿದು: ಸ್ಕೋಪನ್ನು ಅತ್ತಿತ್ತ ಹೊರಳಿಸಿದಂತೆ ತಂತಿಯ ದನಿ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತದೆ, ದೂರದ ಅಂಕಿ ಇಳಿಯುತ್ತ ಬರುತ್ತದೆ, ಕೊನೆಗೆ ಉಪಕರಣ ಕೆಳಗಿಟ್ಟರೂ ಹಾಡು ಬರಿಗಿವಿಗೆ ಕೇಳುತ್ತದೆ. ಹತ್ತಿರ ಹೋಗಿ ಮಾತಾಡಿಸಿದರೆ ನುಡಿಸುವುದು ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ಗೇಮಿನಲ್ಲಿ ಯಾವ ಪಾತ್ರಕ್ಕೂ ಕಂಠದಾನವಿಲ್ಲ, ಸಂಭಾಷಣೆಯೆಲ್ಲ ಓದಿಕೊಳ್ಳುವಂಥದ್ದು. ಹಾಗಾಗಿ ಬ್ಯಾಂಜೊ ರಿಬೆಕ್ ಅವರ ದನಿಯೇ ಆಗಿಬಿಡುತ್ತದೆ. ಐವರಲ್ಲಿ ಇನ್ನೊಬ್ಬರಾದ ಗ್ಯಾಬ್ರೊ ಅವರ ನಿರಾತಂಕ ಸ್ವಭಾವವನ್ನು ನಾನು ತಿಳಿದದ್ದು ಅವರ ಮಾತಿಗಿಂತ ಹೆಚ್ಚಾಗಿ, ಬಿರುಗಾಳಿಯ ಕಡಲಿನ ನಡುವೆ ಕೇಳಿದ ಅವರ ಕೊಳಲಿನಿಂದ. (ಈ ಪಾತ್ರಗಳಲ್ಲಿ ಹೆಚ್ಚಿನವರಿಗೆ ಶಿಲೆ, ಖನಿಜಗಳ ಹೆಸರಿಟ್ಟಿರುವುದು ನನಗೆ ತುಂಬ ಇಷ್ಟವಾದ ಸಂಗತಿ.)

ಈ ಕಿವಿಯನ್ನು ಗೇಮ್ ಮೊದಲ ಕೆಲವು ನಿಮಿಷಗಳಲ್ಲೇ ಪಳಗಿಸುತ್ತದೆ. ಊರಿನ ಮಕ್ಕಳು ಕಣ್ಣಾಮುಚ್ಚಾಲೆ ಆಡಲು ಕರೆಯುತ್ತಾರೆ, ಅಡಗಿದವರನ್ನು ಸಿಗ್ನಲ್‌ಸ್ಕೋಪಿನಿಂದ ಪತ್ತೆಮಾಡಬೇಕು. ಆ ಪುಟ್ಟ ಆಟವೇ ಮುಂದೆ ಗ್ರಹಗಳ ಅಳತೆಯಲ್ಲಿ ಹಿಗ್ಗುತ್ತದೆ.

ಹೀಗೆ ಪಾತ್ರಗಳೂ ಕೇಳಿಸಿಕೊಳ್ಳಬಲ್ಲ ಸಂಗೀತದ ಜೊತೆಗೆ ಆಟಗಾರನಿಗೆ ಮಾತ್ರ ಕೇಳುವ ಸಂಗೀತವೂ ಇದೆ. ಊರಿನ ದೃಶ್ಯಗಳಿಗೆ ತಂತಿವಾದ್ಯಗಳ ಜಾನಪದ ಧಾಟಿಯಾದರೆ, ಎಂದೋ ಅಳಿದುಹೋದ ನೊಮಾಯ್ ಜನರ ಪಾಳು ನೆಲೆಗಳಲ್ಲಿ ಪಿಯಾನೊ ಮತ್ತು ಸಿಂಥಸೈಜರ್‌ಗಳ ನಿಧಾನ ಸ್ವರಗಳು. ಗೋಡೆಯ ಬರಹ ಓದುವ ಮೊದಲೇ ಇದು ಯಾರ ಮನೆಯೆಂದು ಕಿವಿಗೆ ತಿಳಿದಿರುತ್ತದೆ. ಸೂರ್ಯ ಸಿಡಿಯುವ ಮುನ್ನ ಮೂಡಿಬರುವ ರಾಗವಂತೂ ಇಡೀ ಗೇಮಿನ ಗಡಿಯಾರ. ನಾನು ನೆಲದಡಿಯ ಗುಹೆಯಲ್ಲಿ, ಆಕಾಶವೇ ಕಾಣದ ಕಡೆ ಇದ್ದಾಗಲೂ ಆ ಸ್ವರಗಳು ಏರತೊಡಗಿದೊಡನೆ ಕಾಲ ಮುಗಿಯಿತೆಂದು ಗೊತ್ತಾಗುತ್ತಿತ್ತು. ಮೊದಮೊದಲು ಅದು ಕೇಳಿದರೆ ಎದೆ ಬಡಿದುಕೊಳ್ಳುತ್ತಿತ್ತು. ಹತ್ತಾರು ಸುತ್ತುಗಳಾದ ಮೇಲೆ ನೌಕೆಯಿಂದ ಹೊರಬಂದು, ಸೂರ್ಯನಿಗೆ ಮುಖಮಾಡಿ ನಿಂತು, ಆ ರಾಗವನ್ನು ಪೂರ್ತಿ ಕೇಳುವ ಅಭ್ಯಾಸವಾಯಿತು. ರಾಗ ಅದೇ, ಅದನ್ನು ಕೇಳುವ ನಾನು ಬದಲಾಗಿದ್ದೆ. ಸಾವನ್ನು ಒಪ್ಪಿಕೊಳ್ಳುವ ಬಗೆಯ ಕಥೆಯೊಂದಕ್ಕೆ ಇದಕ್ಕಿಂತ ಹೊಂದುವ ರಚನೆಯನ್ನು ನಾನು ಊಹಿಸಲಾರೆ.

ಮೌನವನ್ನೂ ಇಷ್ಟೇ ಎಚ್ಚರದಿಂದ ಬಳಸಲಾಗಿದೆ. ಡಾರ್ಕ್ ಬ್ರ್ಯಾಂಬಲ್ ಎಂಬ ಮಂಜು ಕವಿದ ಜಾಗದಲ್ಲಿ ಕುರುಡು ದೈತ್ಯ ಮೀನುಗಳಿವೆ, ಅವು ಸದ್ದನ್ನು ಹಿಡಿದು ಬೇಟೆಯಾಡುತ್ತವೆ. ಎಂಜಿನ್ ಮುಟ್ಟದೆ, ಉಸಿರು ಬಿಗಿಹಿಡಿದು ತೇಲಿಹೋಗಬೇಕು. ಆ ಕತ್ತಲಿನೊಳಗಿಂದಲೇ ಒಂದು ಮೌತ್ ಆರ್ಗನ್ ಕೇಳುತ್ತಿರುತ್ತದೆ ಎಂದಷ್ಟೇ ಹೇಳಿ ನಿಲ್ಲಿಸುತ್ತೇನೆ.

ಸಂಗೀತವೇ ಕಥೆಯ ಹೊಣೆ ಹೊತ್ತ ಗೇಮ್ ಇದೊಂದೇ ಅಲ್ಲ. 2012ರ ‘ಜರ್ನಿ’ಗೆ ಆಸ್ಟಿನ್ ವಿಂಟರಿ ರಚಿಸಿದ ಸಂಗೀತ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತ್ತು; ಅಲ್ಲಿ ಚೆಲ್ಲೊ ವಾದ್ಯ ಆಟಗಾರನ ಪ್ರತಿನಿಧಿ. ಆದರೆ ‘ಜರ್ನಿ’ಯ ಸಂಗೀತ ಪಯಣಿಗನನ್ನು ಹಿಂಬಾಲಿಸುತ್ತದೆ, ಇಲ್ಲಿ ಪಯಣಿಗನೇ ಸಂಗೀತವನ್ನು ಹಿಂಬಾಲಿಸಬೇಕು. ಈ ಎರಡನೆಯದು ಹೆಚ್ಚು ಕಷ್ಟದ ಕೆಲಸವೆಂದು ನನ್ನ ಎಣಿಕೆ, ಏಕೆಂದರೆ ಆಟಗಾರ ಯಾವ ಗ್ರಹಕ್ಕೆ ಮೊದಲು ಹೋಗುತ್ತಾನೋ ಸಂಯೋಜಕರಿಗೆ ಗೊತ್ತಿಲ್ಲ. ಪ್ರತಿ ವಾದ್ಯವೂ ಒಂಟಿಯಾಗಿ ಕೇಳಿದರೂ ಪೂರ್ಣವೆನಿಸಬೇಕು, ಯಾವುದರ ಜೊತೆ ಸೇರಿದರೂ ಹೊಂದಬೇಕು.

ಕೊರತೆಗಳಿಲ್ಲವೆಂದಲ್ಲ. ನೌಕೆಯನ್ನು ಹತೋಟಿಗೆ ತರಲು ತಾಳ್ಮೆ ಬೇಕು, ಸ್ವಯಂಚಾಲನೆಯನ್ನು ನಂಬಿದರೆ ದಾರಿಯಲ್ಲಿ ಸೂರ್ಯನಿದ್ದರೂ ಅದು ನೇರ ಅತ್ತಲೇ ನುಗ್ಗುತ್ತದೆ. ದೀರ್ಘ ಬರಹವೊಂದರ ಮಧ್ಯದಲ್ಲಿದ್ದಾಗ ಅಂತ್ಯದ ರಾಗ ಶುರುವಾದರೆ ಬೇಸರವಾಗುವುದು ಸಹಜ. ಇಂಗ್ಲಿಷ್ ಓದು ಸರಾಗವಿಲ್ಲದವರಿಗೆ ಇಷ್ಟೊಂದು ಪಠ್ಯ ಭಾರವೆನಿಸಬಹುದು.

2021ರಲ್ಲಿ ಬಂದ ‘ಎಕೋಸ್ ಆಫ್ ದಿ ಐ’ ವಿಸ್ತರಣೆಗೂ ಪ್ರಾಲೊ ಅವರದೇ ಸಂಗೀತ. ಅದನ್ನು ಮೂಲ ಕಥೆಯ ಕೊನೆಗಿಂತ ಮೊದಲೇ ಆಡಿ ಮುಗಿಸುವುದು ಒಳ್ಳೆಯದು, ಹಾಗೆ ಮಾಡಿದವರಿಗೆ ಅಂತ್ಯದಲ್ಲಿ ಒಂದು ದನಿ ಹೆಚ್ಚು ಸಿಗಬಹುದು. ಹೆಡ್‌ಫೋನ್ ಹಾಕಿಕೊಂಡೇ ಆಡಿ, ಸೆಟ್ಟಿಂಗ್ಸ್‌ನಲ್ಲಿ ಸಂಗೀತದ ಮಟ್ಟವನ್ನು ತಗ್ಗಿಸಬೇಡಿ. ಧ್ವನಿಮುದ್ರಿಕೆ ಪ್ರತ್ಯೇಕವಾಗಿ ಸಿಗುತ್ತದೆ, ಆದರೆ ಗೇಮ್ ಮುಗಿಯುವವರೆಗೆ ಅದನ್ನು ಕೇಳಲು ಹೋಗಬೇಡಿ. ಆ ಐದು ವಾದ್ಯಗಳನ್ನು ನೀವೇ ಒಂದೊಂದಾಗಿ ಹುಡುಕಿ, ನುಡಿಸುವವರ ಬೆಂಕಿಯ ಪಕ್ಕ ಸ್ವಲ್ಪ ಹೊತ್ತು ಕುಳಿತು ಬಂದಿದ್ದರೆ, ಕೊನೆಯ ದೃಶ್ಯದಲ್ಲಿ ಮೊದಲ ಸ್ವರ ಹೊಮ್ಮಿದೊಡನೆ ಅದು ಯಾರದೆಂದು ನಿಮಗೆ ಯಾರೂ ಹೇಳಬೇಕಾಗಿಲ್ಲ.