ಬೆವರುವ ಮಾರ್ಷಲ್, ಬೆವರದ ಶೆರಿಫ್

ಕೌಬಾಯ್ ಸಿನಿಮಾ ಅಂದರೆ ನಗುವ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೂರು ರಾತ್ರಿ ಮೂರು ಸಿನಿಮಾ ನೋಡಿದೆ: 1953ರ ‘ಶೇನ್’, 1952ರ ‘ಹೈ ನೂನ್’, 1959ರ ‘ರಿಯೋ ಬ್ರಾವೊ’. ಮೂರರಲ್ಲೂ ಪಿಸ್ತೂಲು ಕಟ್ಟಿದ ಒಬ್ಬ ನ್ಯಾಯವಂತ. ಯಾರ ನ್ಯಾಯವನ್ನು ನಂಬಬಹುದು ಅನ್ನೋದು ನಮ್ಮ ಪಂದ್ಯ.

ಶೇನ್ ಬೇಗ ಸೋತ. ವಯೋಮಿಂಗ್‌ನ ಬೆಟ್ಟಗಳನ್ನು ಬೆನ್ನಿಗಿಟ್ಟುಕೊಂಡು ಅಲನ್ ಲ್ಯಾಡ್ ಕುದುರೆ ಮೇಲೆ ಬರುವಾಗಲೇ ಅರ್ಧ ದೇವರು. ದೇವರ ಜೊತೆ ಪಂದ್ಯ ಕಟ್ಟುವುದು ಹೇಗೆ? ಇಷ್ಟವಾಗಿದ್ದು ಒಂದೇ ಗಳಿಗೆ. ಕೊನೆಯ ಕಾಳಗಕ್ಕೆ ತಾನೇ ಹೋಗುತ್ತೇನೆಂದು ಹಟ ಹಿಡಿದ ರೈತನನ್ನು ಉಳಿಸಲು ಅವನ ತಲೆಗೇ ಪಿಸ್ತೂಲಿನ ಹಿಡಿಯಿಂದ ಬಾರಿಸುತ್ತಾನೆ. ಅದನ್ನು ಕಂಡ ರೈತನ ಮಗ ಶೇನ್ ಮೇಲೆ ಸಿಡಿದೇಳುತ್ತಾನೆ.

‘ಹೈ ನೂನ್’ ನೋಡುವಾಗ ಮಗಳು ಫೋನ್ ಮುಟ್ಟಲಿಲ್ಲ. ಹಗೆ ತೀರಿಸಿಕೊಳ್ಳಲು ಬರುವವನ ರೈಲು ಮಧ್ಯಾಹ್ನ ಹನ್ನೆರಡಕ್ಕೆ. ಸಿನಿಮಾ ಸುಮಾರು 85 ನಿಮಿಷ, ಕಥೆಯ ಹೊತ್ತೂ ಹೆಚ್ಚುಕಮ್ಮಿ ಅಷ್ಟೇ. ಆಗತಾನೇ ಮದುವೆಯಾದ ಮಾರ್ಷಲ್ (ಊರಿನ ಕಾನೂನು ಕಾಯುವವನು, ಶೆರಿಫ್ ಕೂಡ ಅಂಥವನೇ) ಗ್ಯಾರಿ ಕೂಪರ್ ಹೆಂಡದಂಗಡಿಗೆ, ಚರ್ಚಿಗೆ, ಗೆಳೆಯರ ಮನೆಗೆ ಅಲೆದು ಸಹಾಯಕ್ಕೆ ಜನ ಕೇಳುತ್ತಾನೆ. ಒಬ್ಬ ಗೆಳೆಯನಂತೂ ಮನೆಯಲ್ಲಿಲ್ಲ ಅಂತ ಹೆಂಡತಿ ಕೈಲಿ ಹೇಳಿಸುತ್ತಾನೆ. ಸುತ್ತಿ ಸುತ್ತಿ ಬಂದು ಮೇಜಿನ ಮುಂದೆ ಕೂತು ಉಯಿಲು ಬರೆಯುವಾಗ ಮುಖದಲ್ಲಿ ಇರುವುದು ಶುದ್ಧ ಭಯ. ಇಷ್ಟು ಹೆದರಿದವನು ಊರು ಬಿಡದೆ ನಿಂತನಲ್ಲ, ನನಗೆ ಅಷ್ಟು ಸಾಕು.

ನಿರ್ದೇಶಕ ಹೊವಾರ್ಡ್ ಹಾಕ್ಸ್‌ಗೆ ಸಾಕಾಗಲಿಲ್ಲ. ಕಸುಬು ಬಲ್ಲ ಶೆರಿಫ್ ಊರೆಲ್ಲ ಸುತ್ತಿ ಸಹಾಯ ಬೇಡುತ್ತಾನೆಯೇ ಎಂದು ರೇಗಿ, ಅದಕ್ಕೆ ಉತ್ತರವಾಗಿಯೇ ‘ರಿಯೋ ಬ್ರಾವೊ’ ಮಾಡಿದ. (ತಮಾಷೆ ಅಂದರೆ ಎರಡಕ್ಕೂ ಸಂಗೀತ ದಿಮಿತ್ರಿ ಟಿಯೋಮ್ಕಿನ್ ಅವರದೇ, ಕೂಪರ್‌ಗೆ ಬಂದ ಆಸ್ಕರನ್ನು ವೇದಿಕೆಯಲ್ಲಿ ಪಡೆದುಕೊಂಡದ್ದು ಇಲ್ಲಿನ ಶೆರಿಫ್ ಜಾನ್ ವೇನ್.) ವೇನ್ ಬೆವರುವುದಿಲ್ಲ. ಆಳುಗಳನ್ನು ಕೊಡುತ್ತೇನೆಂದು ಬಂದ ಗೆಳೆಯನಿಗೂ ಬೇಡ ಅನ್ನುತ್ತಾನೆ. ಅವನ ಕಡೆ ಇರೋದು ಒಬ್ಬ ಕುಂಟ ಮುದುಕ, ಒಬ್ಬ ಕುಡುಕ.

ಆ ಕುಡುಕ ಡೀನ್ ಮಾರ್ಟಿನ್. ಸೋತು ಗ್ಲಾಸಿಗೆ ವಿಸ್ಕಿ ಸುರಿದುಕೊಂಡಿದ್ದಾನೆ. ಶೆರಿಫನ ಕಡೆಯವರಿಗೆ ಉಳಿಗಾಲವಿಲ್ಲ ಎಂದು ಸಾರುವ ಕಹಳೆಯ ರಾಗ ಹೊರಗಿನಿಂದ ಕೇಳುತ್ತದೆ. ಅಷ್ಟೂ ವಿಸ್ಕಿಯನ್ನು ವಾಪಸ್ ಬಾಟಲಿಗೆ ಸುರಿಯುತ್ತಾನೆ, ಒಂದು ಹನಿ ಚೆಲ್ಲುವುದಿಲ್ಲ. ಕೈ ನಡುಕ ನಿಂತಿದೆ.

ಮತ್ತೆ ನೋಡಲು ಯಾವುದು ಅಂದರೆ ಕಣ್ಣು ಮುಚ್ಚಿ ‘ರಿಯೋ ಬ್ರಾವೊ’. ಪಂದ್ಯ ಮಾತ್ರ ಕೂಪರ್‌ಗೆ ಕೊಟ್ಟೆ. ಮಗಳು ತಕರಾರು ತೆಗೆದಳು, ವೇನ್‌ಗೂ ಧೈರ್ಯ ಇಲ್ಲವಾ ಅಂತ. ಇದೆ ಮಾರಾಯ್ತಿ. ಆದರೆ ಬೇಡ ಅಂದವನಿಗೆ ಕಷ್ಟ ಬಂದಾಗೆಲ್ಲ ಯಾರೋ ಒಬ್ಬರು ಒದಗುತ್ತಾರೆ, ಕಿಟಕಿಯಿಂದ ಹೂಕುಂಡ ಎಸೆಯಲೂ ಒಬ್ಬಳಿದ್ದಾಳೆ. ಕೇಳಿದವನಿಗೆ ಸಿಕ್ಕಿದ್ದು, ಹಿಂಸೆಯೇ ಪಾಪ ಅನ್ನುವ ಪಂಥದ ಹೆಂಡತಿ ಮಾತ್ರ. ಅವಳು ಆ ವ್ರತ ಮುರಿದು ಒಬ್ಬನನ್ನು ಬೆನ್ನ ಹಿಂದಿನಿಂದ ಗುಂಡಿಟ್ಟು ಕೊಂದಳು.

“ಹಾಗಾದ್ರೆ ಗೆದ್ದಿದ್ದು ಅವಳು” ಅಂದಳು ಮಗಳು.