ಬಚ್ಚಲಿಗೆಂದು ಕೊಂಡ ಅಲಾರಂ ಬಾಣಂತಿಯ ಕೋಣೆಯಲ್ಲಿ ಕೂಗಿತು

ಧಾರವಾಡದ ಮಾಳಮಡ್ಡಿಯಲ್ಲಿ ನಾವು ಬಾಡಿಗೆಗಿರುವ ಹಳೆಯ ಮನೆಯ ಬಚ್ಚಲಲ್ಲಿ, ಮೊದಲು ಬಂಬ ಇದ್ದ ಜಾಗದಲ್ಲಿ, ಮಾಲೀಕರು ಗ್ಯಾಸ್ ಗೀಸರ್ ಕೂರಿಸಿಕೊಟ್ಟಿದ್ದಾರೆ. ಆ ಬಚ್ಚಲಿಗೆ ಕೈಯಗಲದ ಗವಾಕ್ಷಿಯೊಂದನ್ನು ಬಿಟ್ಟರೆ ಗಾಳಿಯ ದಾರಿಯಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದಕ್ಕೂ ರಟ್ಟು ಮುಚ್ಚುತ್ತೇವೆ. ಬಾಗಿಲು ಹಾಕಿ ಗೀಸರ್ ಉರಿಸಿದರೆ ಉರಿಗೆ ಸಾಲುವಷ್ಟು ಆಮ್ಲಜನಕ ಸಿಗದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ, ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವಂಥ ವಾಸನೆ ಇದಕ್ಕಿಲ್ಲ ಎಂದು ತಿಳಿದ ಮೇಲೆ, ಎರಡು ವರ್ಷ ನಾಲ್ಕು ತಿಂಗಳ ಹಿಂದೆ 3,200 ರೂಪಾಯಿ ಕೊಟ್ಟು, ಆ ಅನಿಲವನ್ನು ಪತ್ತೆಹಚ್ಚಿ ಕೂಗುವ ಈ ಅಲಾರಂ ತರಿಸಿದೆ. ನನ್ನಂಥ ಶಿಕ್ಷಕಿಯ ಮನೆಯಲ್ಲಿ ಅದು ಒಂದು ತಿಂಗಳ ಹಾಲು, ತರಕಾರಿಯ ದುಡ್ಡು.

ಡಬ್ಬಿ ಒಡೆದ ದಿನವೇ ಸಿಟ್ಟು ಬಂತು. ಹಬೆ, ತೇವ ಇರುವಲ್ಲಿ, ಅಂದರೆ ಬಚ್ಚಲಲ್ಲಿ, ಇದನ್ನು ಇಡಕೂಡದೆಂದು ಒಳಗಿನ ಕಾಗದ ಹೇಳುತ್ತದೆ. ಯಾವ ಜಾಗಕ್ಕೆ ಹೆದರಿ ಕೊಂಡೆನೋ ಆ ಜಾಗವೇ ಇದಕ್ಕೆ ನಿಷಿದ್ಧ! ಹೊರಗೆ ಇಟ್ಟರೆ, ಒಳಗೆ ಸ್ನಾನಕ್ಕೆ ಹೋದವರು ಕುಸಿದ ಮೇಲೆಯೇ ಅನಿಲ ಬಾಗಿಲ ಸಂದಿಯಿಂದ ಇದರವರೆಗೆ ಬರಬೇಕು. ಮಾರಾಟದ ಪುಟದಲ್ಲಿ ಗೀಸರಿನ ಚಿತ್ರವನ್ನು ದೊಡ್ಡದಾಗಿ ಹಾಕಿ, ಈ ಮಾತನ್ನು ಕಾಗದದ ಮೂರನೆಯ ಮಡಿಕೆಗೆ ತಳ್ಳಿದ್ದನ್ನು ನಾನಿನ್ನೂ ಮರೆತಿಲ್ಲ. ಸಾಲದ್ದಕ್ಕೆ, ನಮ್ಮ ಬಾಡಿಗೆ ಕರಾರಿನಂತೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆದ್ದರಿಂದ ಬಚ್ಚಲ ಬಾಗಿಲಿನ ಎದುರು, ಕಟ್ಟಿಗೆಯ ಕಪಾಟಿನ ಮೇಲೆ ಅದು ಕುಳಿತಿತು.

ಆದರೂ ಆ ಕಾಗದವನ್ನು ಓದಿದ್ದರಿಂದ ಮನೆಯಲ್ಲಿ ಒಂದು ರೂಢಿ ಬಿತ್ತು. ಬಾಗಿಲು ತೆರೆದಿಟ್ಟೇ ಎರಡು ಬಕೆಟ್ ಬಿಸಿನೀರು ತುಂಬಿಸಿಕೊಳ್ಳುತ್ತೇವೆ, ಗೀಸರ್ ಆರಿಸಿ ರೆಗ್ಯುಲೇಟರ್ ಬಂದ್ ಮಾಡುತ್ತೇವೆ, ಕೊನೆಗೆ ಬಾಗಿಲು ಹಾಕಿಕೊಳ್ಳುತ್ತೇವೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವಳೇ ಒಣಬಟ್ಟೆಯಿಂದ ಅಲಾರಮಿನ ಧೂಳು ಒರೆಸಿ, ಪರೀಕ್ಷೆಯ ಗುಂಡಿ ಒತ್ತುತ್ತೇನೆ. ಆ ಚೀರಾಟಕ್ಕೆ ಅತ್ತೆಯವರು ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಮಗಳು ಬಾಣಂತನಕ್ಕೆ ಬಂದಳು. ಅತ್ತೆಯವರ ಕಟ್ಟಳೆಯಂತೆ ಹೊರಸಿನ ಕೆಳಗೆ ಶೆಗಡಿ, ಅದರಲ್ಲಿ ಇದ್ದಿಲ ಕೆಂಡ, ಮೇಲೊಂದು ಚಿಟಿಕೆ ಲೋಬಾನ, ಥಂಡಿ ಬರಬಾರದೆಂದು ಕಿಟಕಿಗೆ ಕೌದಿ. ಹೊಗೆಯಾಡದ ಕೆಂಡಕ್ಕೆ ಯಾರೂ ಅಂಜುವುದಿಲ್ಲ. ಆದರೆ ಈ ಅನಿಲವನ್ನು ಧಾರಾಳವಾಗಿ ಬಿಡುವುದು ಅದೇ. ನನಗೆ ಸಮಾಧಾನವಾಗದೆ ಅಲಾರಮನ್ನು ತಂದು ಅವಳ ತಲೆದಿಂಬಿನ ಬಳಿಯ ಸ್ಟೂಲಿನ ಮೇಲಿಟ್ಟೆ. ಮೂರನೆಯ ರಾತ್ರಿ ನೋಡಿದಾಗ ಪರದೆಯ ಮೇಲೆ 64 ಇತ್ತು, ಸದ್ದಿಲ್ಲ. ಕೆಟ್ಟಿದೆಯೆಂದುಕೊಂಡು ಕಾಗದ ಹುಡುಕಲು ಹೋಗಿ ನಾನು ಮಾಡಿದ್ದು ತಪ್ಪು; ಮೊದಲು ಕಿಟಕಿ ತೆರೆಯಬೇಕಿತ್ತು. ಯುರೋಪಿನ ಇಎನ್ 50291 ಮಾನದಂಡದ ಉಪಕರಣವಿದು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 50 ಭಾಗವಿದ್ದರೆ 60ರಿಂದ 90 ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕೆಂಬುದು ಅದರ ಲೆಕ್ಕ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟುವ ಈ ಅನಿಲ ರಕ್ತದಲ್ಲಿ ಸೇರುತ್ತ ಹೋಗುವುದರಿಂದ, ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ಹೊತ್ತು ಇದೆ ಎಂಬುದನ್ನೂ ಅದು ಎಣಿಸುತ್ತದೆ.

ಇಷ್ಟು ಓದುವುದರೊಳಗೆ ಅದು ಒದರಿತು. "ಯವ್ವಾ, ಮೊದಲ ಅದರ ಬಾಯಿ ಮುಚ್ಚಸು, ಕೂಸು ಎದ್ದೀತು" ಎಂದರು ಅತ್ತೆಯವರು. ತಾಯಿ ಮಗುವನ್ನು ಪಡಸಾಲೆಗೆ ಕರೆತಂದು, ಕೌದಿ ಕಿತ್ತು, ಶೆಗಡಿಯನ್ನು ಅಂಗಳಕ್ಕೆ ಹಾಕಿದೆವು. ಸಂಜೆಯಿಂದ ತಲೆನೋವೆಂದು ಮಗಳು ಹೇಳುತ್ತಿದ್ದಳು, ನಾವು ಅದನ್ನು ನಿದ್ದೆಗೇಡಿನ ಖಾತೆಗೆ ಹಾಕಿದ್ದೆವು. ಆ ರಾತ್ರಿಯೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆವು. ಆಮ್ಲಜನಕ ಕೊಟ್ಟು, ರಕ್ತ ಪರೀಕ್ಷಿಸಿ, ಮರುದಿನ ಕಳುಹಿಸಿದರು. ಶೆಗಡಿ ಮತ್ತೆ ಒಳಗೆ ಬರಲಿಲ್ಲ. ಅತ್ತೆಯವರು ಈಗ ಅಂಗಳದಲ್ಲಿಯೇ ಕೆಂಡಕ್ಕೆ ಬಟ್ಟೆ ಹಿಡಿದು ಬೆಚ್ಚಗೆ ಮಾಡಿ ತರುತ್ತಾರೆ.

ಐದರಲ್ಲಿ ಎರಡು ನಕ್ಷತ್ರ ಕೊಡಬೇಕೆಂದಿದ್ದವಳು ನಾಲ್ಕು ಕೊಡುತ್ತಿದ್ದೇನೆ. ಉಳಿದೊಂದು ಆ ಮೂರನೆಯ ಮಡಿಕೆಗೆ ವಜಾ. ಗ್ಯಾಸ್ ಗೀಸರ್‌ಗಾಗಿ ಕೊಳ್ಳುವವರು ಮೊದಲು ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿಸಲಿ, ದುಡ್ಡು ಉಳಿದರೆ ಇದನ್ನು ಕೊಳ್ಳಲಿ. ನಾನು ಕೇಳಿದಾಗ ನಮ್ಮ ಮಾಲೀಕರು "ಬೇಕಾದ್ರ ನೀವ ಹಾಕಿಸ್ಕೋರಿ" ಎಂದರು. ಇಂಗ್ಲೆಂಡಿನಲ್ಲಾದರೆ 2022ರ ಅಕ್ಟೋಬರ್ 1ರಿಂದ, ಗ್ಯಾಸ್ ಒಲೆಯೊಂದನ್ನು ಬಿಟ್ಟು, ಇಂಧನ ಉರಿಸುವ ಸ್ಥಿರ ಉಪಕರಣವಿರುವ ವಾಸದ ಕೋಣೆಗೆಲ್ಲ ಬಾಡಿಗೆ ಮನೆಯ ಮಾಲೀಕರೇ ಇಂಥ ಅಲಾರಂ ಹಾಕಿಸಬೇಕು, ಕೆಟ್ಟಿದೆಯೆಂದು ತಿಳಿಸಿದರೆ ಸರಿಪಡಿಸಿಯೂ ಕೊಡಬೇಕು; ಬಚ್ಚಲೂ ಆ ಲೆಕ್ಕದಲ್ಲಿ ಕೋಣೆಯೇ. ನಮ್ಮ ನಾಲ್ಕು ಪುಟದ ಕರಾರಿನಲ್ಲಿ ಮೊಳೆಯ ಬಗ್ಗೆ ಎರಡು ಕಲಮುಗಳಿವೆ, ಗೀಸರಿನ ಬಗ್ಗೆ ಒಂದು ಅಕ್ಷರವಿಲ್ಲ. ಬರುವ ಜೂನ್‌ನಲ್ಲಿ ಕರಾರನ್ನು ಹೊಸದಾಗಿ ಬರೆಯಬೇಕಿದೆ. ಮೂರನೆಯ ಕಲಮನ್ನು ನಾನೇ ಬರೆದು ಮಾಲೀಕರ ಕೈಗೆ ಕೊಟ್ಟಿದ್ದೇನೆ.