ಬಿಟ್‌ಕಾಯಿನ್ ಇಡೋಕೆ ಎಕ್ಸ್‌ಚೇಂಜಾ, ಹಳೇ ಫೋನಾ, ಲೆಡ್ಜರಾ? ಮೂರೂ ಬಳಸಿ ನೋಡಿದವನ ಮಾತು

ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಲೆಡ್ಜರ್‌ಗೆ, ಅಂದ್ರೆ ಬಿಟ್‌ಕಾಯಿನ್ ಕೀಲಿ ಇಟ್ಕೊಳ್ಳೋ ಪೆನ್‌ಡ್ರೈವ್ ಥರದ ಡಬ್ಬಿಗೆ. ಅದು ಮನೆಗೆ ಬರೋಕೆ ಮುಂಚೆ ಮೂವತ್ತೆಂಟು ಸಾವಿರ ರೂಪಾಯಿ ನೀರಿಗೆ ಹೋಗಿದೆ. ಹಾಗಾಗಿ ಇಲ್ಲಿ ತಕ್ಕಡಿ ಸಮ ಇರತ್ತೆ ಅಂತ ಅಂದ್ಕೊಂಡು ಓದ್ಬೇಡಿ.

ಹೋಗಿದ್ದು ಹೆಂಗೆ ಅಂದ್ರೆ, 2024ರ ಜೂನ್ ಕೊನೇ ವಾರ. ನಮ್ಮನೆ ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ, ಮಳೆ ಹಿಡೀತು ಅಂದ್ರೆ ಕರೆಂಟು ಯಾವಾಗ ಬರತ್ತೋ ಅದಕ್ಕೇ ಗೊತ್ತು. ಅವತ್ತು ರಾತ್ರಿ ಹತ್ತೂವರೆಗೆ ಬಂತು, ಹೋಗೋದ್ರೊಳಗೆ ಹೊಸ ಲ್ಯಾಪ್‌ಟಾಪಿಗೆ ಎಲ್ಲಾ ಹಾಕ್ಕೊಂಡುಬಿಡೋಣ ಅಂತ ಗಡಿಬಿಡೀಲಿ ಕೂತಿದ್ದೆ. ವಾಲೆಟ್ (ಬಿಟ್‌ಕಾಯಿನ್ ಇಡೋ, ಕಳಿಸೋ ಸಾಫ್ಟ್‌ವೇರ್) ಹೆಸರು ಟೈಪ್ ಮಾಡ್ದೆ, ಎಲ್ಲಕ್ಕಿಂತ ಮೇಲೆ ಬಂದಿದ್ದನ್ನ ಒತ್ತಿದೆ, ಡೌನ್‌ಲೋಡ್ ಮಾಡ್ದೆ. ಮೇಲೆ ಬಂದಿದ್ದು ಜಾಹೀರಾತು, ವೆಬ್‌ಸೈಟ್ ವಿಳಾಸದಲ್ಲಿ ಒಂದು ಅಕ್ಷರ ಜಾಸ್ತಿ ಇತ್ತು, ಇದೆಲ್ಲ ಮಾರನೇ ದಿನ ಕಂಡಿದ್ದು. ತೆರೆದಾಗ ಅದೇ ಬಣ್ಣ ಅದೇ ಚಿತ್ರ, ಹನ್ನೆರಡು ಪದ ಹಾಕಿ ಅಂತು, ಹಾಕ್ದೆ. ವಾಲೆಟ್ಟಿನ ಬೀಗದಕೈ ಅಂದ್ರೆ ಈ ಪದಗಳೇ, ಯಾರ ಕೈಗೆ ಸಿಕ್ಕಿದ್ರೂ ದುಡ್ಡು ಅವರದ್ದು. ಏನೋ ಎರರ್ ತೋರಿಸ್ತು. ನೆಟ್‌ವರ್ಕ್ ಸರಿ ಇಲ್ಲ ಅಂದ್ಕೊಂಡು ಮಲಗಿಬಿಟ್ಟೆ ಮಾರಾಯ್ರೇ.

ಬೆಳಿಗ್ಗೆ ಹಳೇ ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ಸೊನ್ನೆ. ಬಿಟ್‌ಕಾಯಿನ್ ವ್ಯವಹಾರ ಎಲ್ಲರಿಗೂ ತೋರಿಸೋ ಮೆಂಪೂಲ್ ಡಾಟ್ ಸ್ಪೇಸ್ ಅನ್ನೋ ವೆಬ್‌ಸೈಟಲ್ಲಿ ನೋಡಿದ್ರೆ ದುಡ್ಡು ಯಾವ ವಿಳಾಸಕ್ಕೆ (ಖಾತೆ ನಂಬರ್ ಇದ್ದ ಹಾಗೆ) ಹೋಯ್ತು, ಎಷ್ಟು ಹೊತ್ತಿಗೆ ಹೋಯ್ತು ಎಲ್ಲಾ ಕಾಣತ್ತೆ, ಮುಟ್ಟೋಕೆ ಮಾತ್ರ ಬರಲ್ಲ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಬ್ಯಾಂಕಿಂದ ಹೋದ ದುಡ್ಡಾದ್ರೆ ಎದುರಿನ ಖಾತೆ ತಡೆಹಿಡೀಬಹುದು, ಇಲ್ಲಿ ತಡೆಯೋಕೆ ಮಧ್ಯೆ ಯಾರೂ ಕೂತಿರಲ್ಲ.

ಆಮೇಲೆ ತಲೆ ಕೊರೆದಿದ್ದು ಒಂದೇ ವಿಷಯ. ಹೊಸ ಕಂಪ್ಯೂಟರಲ್ಲಿ ಹಾಕಿದಾಗ ಅಸಲಿ ವಾಲೆಟ್ಟೂ ಅದೇ ಹನ್ನೆರಡು ಪದ ಕೇಳತ್ತೆ. ಅನುಮಾನ ಬರೋಕೆ ಕಾರಣವೇ ಇರ್ಲಿಲ್ಲ. ಹಂಗಾದ್ರೆ ಆ ಪದಗಳನ್ನ ಕೀಬೋರ್ಡಲ್ಲಿ ಒತ್ತೋ ಪ್ರಮೇಯವೇ ಬರದ ಹಾಗೆ ಎಲ್ಲಿಡೋದು ಅನ್ನೋದೇ ನನ್ನ ಲೆಕ್ಕ. ಮೂರನ್ನೂ ಅದೇ ಕಣ್ಣಲ್ಲಿ ನೋಡಿದ್ದು, ಬಣ್ಣ, ತೂಕ, ಎಷ್ಟು ಕಾಯಿನ್ ಹಿಡಿಸತ್ತೆ ಅದೆಲ್ಲ ಬೇರೆ ಕಡೆ ಓದ್ಕೊಳ್ಳಿ.

ಮೊದಲು ಹೆದರಿ ಎಕ್ಸ್‌ಚೇಂಜಲ್ಲೇ, ಅಂದ್ರೆ ಬಿಟ್‌ಕಾಯಿನ್ ಕೊಂಡು ಮಾರೋಕೆ ಇರೋ ಕಂಪನೀಲೇ, ಬಿಟ್ಟೆ. ತಿಂಗಳಿಗೆ ಎರಡು ಸಾವಿರದ್ದು ತಗೊಳೋದು, ಅಲ್ಲೇ ಇಡೋದು. ಪದಗಳ ತಲೆಬಿಸಿ ಇಲ್ಲ, ಪಾಸ್‌ವರ್ಡ್ ಮರೆತ್ರೆ ಆಧಾರು ಪ್ಯಾನು ತೋರಿಸಿ ವಾಪಸ್ ತಗೋಬಹುದು, ಮಾರಿದಾಗ 1% ಟಿಡಿಎಸ್ ಅವರೇ ಕಡೀತಾರೆ, ಲಾಭದ ಮೇಲಿನ 30% ತೆರಿಗೆಗೆ ಲೆಕ್ಕದ ಹಾಳೇನೂ ಸಿಗತ್ತೆ. ಸೊಸೈಟೀಲಿ ಅಡಿಕೆ ಇಟ್ಟು ಬಂದ ಹಾಗೆ, ನಿದ್ದೆ ಚೆನ್ನಾಗಿ ಬರ್ತಿತ್ತು.

ಮೂರು ವಾರ ಬಂತು ಅಷ್ಟೆ. ಜುಲೈ 18ಕ್ಕೆ ವಜೀರ್‌ಎಕ್ಸ್ ಅನ್ನೋ ಎಕ್ಸ್‌ಚೇಂಜಿಂದ 23 ಕೋಟಿ ಡಾಲರಿಗೂ ಮೇಲೆ ಕದ್ದರು. ನನ್ನದು ಇದ್ದಿದ್ದು ಅಲ್ಲಲ್ಲ, ಆದ್ರೂ ದೇವಿಕೆರೆ ಹತ್ರ ಚಾ ಕುಡೀತಾ ಆ ಸುದ್ದಿ ಓದಿ ಚಾ ಅಲ್ಲೇ ಆರಿಹೋಯ್ತು. ಅಲ್ಲಿ ದುಡ್ಡಿಟ್ಟವರು ವರ್ಷಕ್ಕೂ ಹೆಚ್ಚು ಕಾಯಬೇಕಾಯ್ತು. ಕಂಪನಿ ಹೇಳಿದ ಪ್ರಕಾರ ದುಡ್ಡು ಕಳಿಸೋಕೆ ಒಪ್ಪಿಗೆಯ ಡಿಜಿಟಲ್ ಸಹಿ ಹಾಕುವವರಿಗೆ ಪರದೆ ಮೇಲೆ ಕಂಡಿದ್ದು ಒಂದು, ಸಹಿ ಬಿದ್ದಿದ್ದು ಇನ್ನೊಂದಕ್ಕೆ. 2025ರ ಫೆಬ್ರವರೀಲಿ ಬೈಬಿಟ್ ಅನ್ನೋ ಇನ್ನೊಂದು ಎಕ್ಸ್‌ಚೇಂಜಲ್ಲೂ ಇದೇ ಥರ ಆಗಿ ಸುಮಾರು 150 ಕೋಟಿ ಡಾಲರ್ ಹೋಯ್ತು. ಅಂದ್ರೆ ನಾನು ಮೂವತ್ತೆಂಟು ಸಾವಿರಕ್ಕೆ ಬಿದ್ದ ಹೊಂಡಕ್ಕೇ ಅವರು ದೊಡ್ಡ ಲೆಕ್ಕದಲ್ಲಿ ಬಿದ್ದಿದ್ದು. ಸ್ವಲ್ಪ ಸಮಾಧಾನ ಆಯ್ತು ಅಂದ್ರೆ ಬೈಬೇಡಿ.

ಎಕ್ಸ್‌ಚೇಂಜಲ್ಲಿ ಇಡೋರು ಎಸ್‌ಎಂಎಸ್ ಓಟಿಪಿ ನಂಬ್ಕೊಂಡು ಕೂರಬೇಡಿ, ಫೋನ್ ಒಳಗೇ ಕೋಡ್ ತಯಾರಿಸೋ ಅಥೆಂಟಿಕೇಟರ್ ಆ್ಯಪ್ ಹಾಕ್ಕೊಳ್ಳಿ. ನಿಮ್ಮ ಹೆಸರಲ್ಲಿ ಇನ್ನೊಬ್ಬ ಸಿಮ್ ತೆಗೆಸಿದ್ರೆ ಓಟಿಪಿ ಅವನಿಗೇ ಹೋಗೋದು. ಇಷ್ಟೇ.

ಎರಡನೇದು ಹಳೇ ಫೋನು. ಡ್ರಾಯರಲ್ಲಿ ಬಿದ್ದಿದ್ದ ಫೋನನ್ನ ಪೂರ್ತಿ ಅಳಿಸಿ, ಸಿಮ್ ತೆಗೆದು, ವಾಲೆಟ್ ಆ್ಯಪ್ ಒಂದೇ ಹಾಕಿ, ಬೇಕಾದಾಗ ಮಾತ್ರ ವೈಫೈ. ಖರ್ಚಿಲ್ಲ, ಹಾಗಾಗಿ ಗೆಳೆಯರೆಲ್ಲ ಇದನ್ನೇ ಹೇಳೋದು. ಆದ್ರೆ ಪದಗಳು ಇಲ್ಲೂ ಫೋನ್ ಒಳಗೇ ಇರೋದು, ಆ ಫೋನಿಗೆ ಅಪ್‌ಡೇಟ್ ಬರೋದು ನಿಂತು ಮೂರು ವರ್ಷ. ಪದಗಳ ಸ್ಕ್ರೀನ್‌ಶಾಟ್ ಅಂತೂ ತೆಗೀಲೇಬೇಡಿ. ಸ್ಪಾರ್ಕ್‌ಕ್ಯಾಟ್ ಅಂತ ಒಂದು ವೈರಸ್ಸು, ಗ್ಯಾಲರಿ ಫೋಟೋದಲ್ಲಿರೋ ಅಕ್ಷರ ಓದಿ ಈ ಪದಗಳನ್ನೇ ಹುಡುಕತ್ತೆ, 2025ರ ಫೆಬ್ರವರೀಲಿ ಅದು ಸಿಕ್ಕಿದ್ದು ಪ್ಲೇ ಸ್ಟೋರಲ್ಲೂ ಆ್ಯಪಲ್ ಆ್ಯಪ್ ಸ್ಟೋರಲ್ಲೂ ಇದ್ದ ಆ್ಯಪ್‌ಗಳ ಒಳಗೆ. ನನ್ನ ಫೋನಿನ ಕಥೆ ಮುಗಿಸಿದ್ದು ವೈರಸ್ಸಲ್ಲ. ಐದನೇ ತಿಂಗಳಿಗೆ ಬ್ಯಾಟರಿ ಹಲಸಿನ ಹಪ್ಪಳ ಕರಿದ ಹಾಗೆ ಉಬ್ಬಿ ಹಿಂದಿನ ಮುಚ್ಚಳ ಎದ್ದು ಕೂತಿತ್ತು.

ಇನ್ನು ಲೆಡ್ಜರ್. ನಾನು ತಗೊಂಡಿದ್ದು ನ್ಯಾನೋ ಎಸ್ ಪ್ಲಸ್, ಬ್ಲೂಟೂತ್ ಇಲ್ಲ, ಎರಡು ಗುಂಡಿ, ಚಿಕ್ಕ ಪರದೆ, ಪೆನ್‌ಡ್ರೈವಿಗಿಂತ ಸ್ವಲ್ಪ ಉದ್ದ. ಸಾಗಾಣಿಕೆ ಕಸ್ಟಮ್ಸ್ ಎಲ್ಲ ಸೇರಿ ಒಂಬತ್ತೂವರೆ ಸಾವಿರ ಬಿತ್ತು. ಸೆಕೆಂಡ್ ಹ್ಯಾಂಡ್ ಬೇಡ, ಯಾರೋ ಅರ್ಧ ರೇಟಿಗೆ ಕೊಟ್ರೂ ಬೇಡ. ಪೆಟ್ಟಿಗೆ ಜೊತೆ ಬರೋ ಹಾಳೆ ಖಾಲಿ ಇರಬೇಕು. ಅದರಲ್ಲಿ ಪದ ಮೊದಲೇ ಬರೆದು ಬಂದಿದ್ರೆ ಆ ಪದ ಇನ್ನೊಬ್ಬನ ಹತ್ರಾನೂ ಇದೆ ಅಂತ ಅರ್ಥ.

ಇದರಲ್ಲಿ 24 ಪದ ಹುಟ್ಟೋದು ಡಬ್ಬಿ ಒಳಗೇ, ಕಾಣೋದು ಡಬ್ಬಿ ಪರದೆ ಮೇಲೇ, ಮತ್ತೆ ಹಾಕ್ಬೇಕು ಅಂದ್ರೂ ಆ ಎರಡು ಗುಂಡಿ ಒತ್ತಿ ಒತ್ತಿಯೇ ಹಾಕೋದು. ಕಂಪ್ಯೂಟರಿಗೆ ಒಂದು ಪದಾನೂ ಗೊತ್ತಾಗಲ್ಲ. ನನಗೆ ಬೇಕಿದ್ದಿದ್ದು ಇಷ್ಟೇ. ಕಂಪ್ಯೂಟರಲ್ಲಿ ನಕಲಿ ಸಾಫ್ಟ್‌ವೇರ್ ಬಂದು ಕೂತ್ರೂ ಅದಕ್ಕೆ ಕದಿಯೋಕೆ ಏನೂ ಸಿಗಲ್ಲ, ನಾವಾಗೇ ಕೈಯಾರೆ ಟೈಪ್ ಮಾಡಿ ಕೊಡದೇ ಇದ್ರೆ. ಕೊಟ್ಟವರೂ ಇದ್ದಾರೆ. 2023ರ ನವೆಂಬರಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ಒಳಗೇ ನಕಲಿ ಲೆಡ್ಜರ್ ಲೈವ್ (ಡಬ್ಬಿ ಜೊತೆ ಕಂಪ್ಯೂಟರಲ್ಲಿ ಬಳಸೋ ಆ್ಯಪ್) ಸೇರ್ಕೊಂಡಿತ್ತು, ಐದು ಲಕ್ಷ ಡಾಲರಿಗೂ ಮೇಲೆ ಹೋಯ್ತು ಜನರದ್ದು. ಅದಕ್ಕೇ ಈಗ ನಾನು ಹುಡುಕೋಕೇ ಹೋಗಲ್ಲ, ಕಂಪನಿ ವೆಬ್‌ಸೈಟ್ ವಿಳಾಸ ಒಂದೊಂದಕ್ಷರ ನೋಡಿ ಟೈಪ್ ಮಾಡಿ ಒಮ್ಮೆ ಬುಕ್‌ಮಾರ್ಕ್ ಹಾಕಿಟ್ಟಿದ್ದೀನಿ, ಅಲ್ಲಿಂದಲೇ ಒಳಗೆ. 2020ರಲ್ಲಿ ಲೆಡ್ಜರ್ ಗಿರಾಕಿಗಳ ಇಮೇಲು, ಮನೆ ವಿಳಾಸ ಎಲ್ಲಾ ಸೋರಿಹೋಗಿತ್ತು, ಹಾಗಾಗಿ ಆರ್ಡರಿಗೆ ಬೇರೆಯದೇ ಇಮೇಲ್ ಕೊಟ್ಟೆ. ಅದಕ್ಕೆ ಬರೋ ಪತ್ರ ಒಂದನ್ನೂ ತೆರೆಯೋದಿಲ್ಲ.

ಹಾಗಾದ್ರೆ ವಜೀರ್‌ಎಕ್ಸ್‌ನೋರ ಕೈಲೂ ಇಂಥ ಡಬ್ಬಿ, ಅಂದ್ರೆ ಹಾರ್ಡ್‌ವೇರ್ ವಾಲೆಟ್ಟೇ ಇತ್ತಲ್ಲ ಅಂತ ಕೇಳ್ಬಹುದು. ಹೌದು ಇತ್ತು. ಅವರದ್ದು ಇಥೀರಿಯಂ ಅನ್ನೋ ಬೇರೆ ಕ್ರಿಪ್ಟೋ ಜಾಲದ ಕಾಂಟ್ರಾಕ್ಟಿನ (ಪ್ರೋಗ್ರಾಂ ಮೂಲಕ ನಡೆಯೋ) ವ್ಯವಹಾರ, ಡಬ್ಬಿ ಪರದೇಲಿ ಅದು ಅರ್ಥ ಆಗೋ ಹಾಗೆ ಕಾಣೋದು ಕಷ್ಟ. ನನ್ನ ಹಾಗೆ ಬರೀ ಬಿಟ್‌ಕಾಯಿನ್ ಕಳಿಸೋರಿಗೆ ವಿಳಾಸ, ಮೊತ್ತ ಎರಡೂ ಡಬ್ಬಿ ಮೇಲೆ ನೆಟ್ಟಗೆ ಕಾಣತ್ತೆ. ವಿಳಾಸದ ಆ 42 ಅಕ್ಷರ ಪೂರ್ತಿ ಓದ್ತೀನಿ, ಮೊದಲ ನಾಲ್ಕು ಕೊನೇ ನಾಲ್ಕು ನೋಡಿ ಬಿಡೋದಲ್ಲ, ಎರಡೂ ತುದಿ ಹೊಂದೋ ಹಾಗೆ ವಿಳಾಸ ತಯಾರು ಮಾಡೋ ಕಳ್ಳರಿದ್ದಾರೆ. ಕಾಪಿ ಮಾಡಿದ ವಿಳಾಸವನ್ನ ಪೇಸ್ಟ್ ಮಾಡೋವಾಗ ಬದಲಾಯಿಸೋ ವೈರಸ್ಸೂ ಇದೆ.

ಈಗ ತಲೆ ಕೆಟ್ಟ ವಿಷಯಕ್ಕೆ ಬರ್ತೀನಿ. ಡಬ್ಬಿ ಹಾಳಾದ್ರೆ, ಮೂರು ಸಲ ಪಿನ್ ತಪ್ಪು ಒತ್ತಿ ಅದು ಖಾಲಿ ಆದ್ರೆ, ಇರೋದು ಆ 24 ಪದ ಬರೆದ ಹಾಳೆ ಒಂದೇ. ಮತ್ತೆ ಲೆಡ್ಜರ್ ಆ ಪದಗಳನ್ನ ಒಂದೇ ಸಲ ತೋರಿಸೋದು, ಆಮೇಲೆ ಎಷ್ಟು ಬೇಡಿದ್ರೂ ತೋರಿಸಲ್ಲ. ಹಾಳೇನ ಕಬ್ಬಿಣದ ಕಪಾಟಲ್ಲಿ ಸೀರೆಗಳ ಅಡಿಗೆ ಇಟ್ಟಿದ್ದೆ, ಮಾರ್ಚಲ್ಲಿ. ಜುಲೈ ಕೊನೇಲಿ ಆಯಿ ಸೀರೆಗೆಲ್ಲ ಬೂಸ್ಟು ಬಂತು ಅಂತ ಹೊರಗೆ ತೆಗೆದಾಗ ನೋಡಿದ್ರೆ ಹಾಳೆ ಹಸಿ ಹಸಿ, ಮೇಲೆ ಬೂದು ಬಣ್ಣದ ಚುಕ್ಕೆ, ಜೆಲ್ ಪೆನ್ನಿನ ಇಂಕು ಹಬ್ಬಿ ಏಳನೇ ಪದ ಮತ್ತೆ ಹದಿನಾರನೇ ಪದ ಬರೀ ನೀಲಿ ಮೋಡ. ಒಂದು ಮೂಲೆ ಒರಲೆಗೂ ರುಚಿ ಹತ್ತಿತ್ತು. ಘಟ್ಟದ ಮೇಲಿನ ಮಳೆಗಾಲದಲ್ಲಿ ಕಾಗದದ ಮೇಲೆ ದುಡ್ಡಿಡೋನು ನಾನೇ ಮಳ್ಳ.

ಈ ಪದಗಳನ್ನ ಆರಿಸೋ ಪಟ್ಟೀಲಿ ಇರೋದು ಒಟ್ಟು 2048 ಇಂಗ್ಲಿಷ್ ಪದ, ಒಂದು ಪದ ಹೋಗಿದ್ರೆ ಹುಡುಕಿ ತೆಗೀಬಹುದು, ಎರಡು ಹೋದ್ರೂ ಹೆಣಗಾಡಿದ್ರೆ ಸಿಗತ್ತೆ. ಆದ್ರೆ ಅದನ್ನ ಕಂಪ್ಯೂಟರಲ್ಲೇ ಮಾಡ್ಬೇಕು, ಅಂದ್ರೆ ಮತ್ತೆ ಪದಗಳನ್ನ ಕೀಬೋರ್ಡಲ್ಲಿ ಒತ್ತಬೇಕು. ಬೇಡಪ್ಪಾ. ಡಬ್ಬಿ ಇನ್ನೂ ಚೆನ್ನಾಗೇ ಇತ್ತಲ್ಲ, ಇದ್ದಿದ್ದನ್ನೆಲ್ಲ ಎಕ್ಸ್‌ಚೇಂಜಿಗೆ ಕಳಿಸಿ, ಡಬ್ಬಿ ಅಳಿಸಿ, ಹೊಸ 24 ಪದ ತೆಗೆದು, ವಾಪಸ್ ತಂದೆ. ಎರಡು ದಿನ, ಎರಡು ಸಲ ಫೀಸು, ಮಧ್ಯೆ ಒಂದು ರಾತ್ರಿ ಕರೆಂಟಿಲ್ಲ.

ಹೊಸ ಹಾಳೇನ ಲ್ಯಾಮಿನೇಶನ್ ಮಾಡಿಸೋಣ ಅಂತ ಝೆರಾಕ್ಸ್ ಅಂಗಡಿಗೆ ಹೊರಟಿದ್ದೆ, ಬೈಕ್ ಸ್ಟಾರ್ಟ್ ಮಾಡಿದ ಮೇಲೆ ಬುದ್ಧಿ ಬಂತು. ಆಮೇಲೆ ಹೊಳೆದಿದ್ದು ನಮ್ಮನೆ ಪಾತ್ರೆಗಳು. ಆಯಿ ಮದುವೆಗೆ ಬಂದ ಸ್ಟೀಲ್ ಕೊಳಗದ ಮೇಲೆ ಅಂಗಡೀಲಿ ಕೊರೆಸಿದ ಹೆಸರು ನಲವತ್ತು ವರ್ಷ ತಿಕ್ಕಿದ್ರೂ ಇವತ್ತಿಗೂ ಓದೋಕೆ ಬರತ್ತೆ. ಪಾತ್ರೆ ಅಂಗಡಿಯವನ ಹತ್ರ ಈ ಪದ ಕೊರೆಸೋ ಹಾಗಿಲ್ಲ, ಹಾಗಾಗಿ ಗ್ರಿಲ್ ಮಾಡೋ ಶೆಡ್ಡಿಂದ ಎರಡು ಎಂಎಂ ಸ್ಟೀಲಿನ ತುಂಡು ಎರಡು, ಹಾರ್ಡ್‌ವೇರ್ ಅಂಗಡಿಯಿಂದ ಇಂಗ್ಲಿಷ್ ಅಕ್ಷರದ ಪಂಚಿನ ಸೆಟ್ಟು ತಂದೆ. ಎಲ್ಲಾ ಸೇರಿ ಸಾವಿರದ ಒಳಗೆ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸಾಕು, ಪಟ್ಟೀಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಒಂದೇ ಇರಲ್ಲ. 24 ಪದಕ್ಕೆ 96 ಅಕ್ಷರ, ಮೂರಕ್ಷರದ ಪದ ಇದ್ರೆ ಒಂದೊಂದು ಉಳೀತು.

ಮರದ ಮಣೆ ಮೇಲಿಟ್ಟು ಹೊಡೆದ್ರೆ ಅಕ್ಷರ ಇಳೀಲೇ ಇಲ್ಲ, ಮಣೆ ಕುಣೀತು ಅಷ್ಟೆ. ಬಚ್ಚಲ ಹತ್ರ ಬಟ್ಟೆ ಒಗೆಯೋ ಕಲ್ಲಿನ ಮೇಲಿಟ್ಟು ದೊಡ್ಡ ಸುತ್ತಿಗೇಲಿ ಒಂದೇ ಏಟು ಬಿಗಿಯಾಗಿ ಹಾಕಿದ್ರೆ ಸರಿ ಬರತ್ತೆ. ಎರಡನೇ ಏಟು ಹಾಕಿದ್ರೆ ಪಂಚು ಜರುಗಿ ಅಕ್ಷರ ಜೋಡಿ ಜೋಡಿ ಆಗತ್ತೆ, ನನ್ನ ಪ್ಲೇಟಲ್ಲಿ ಒಂದು ಇ ಅಕ್ಷರಕ್ಕೆ ಆರು ಹಲ್ಲಿದೆ. ಆಯಿ ಸದ್ದಿಗೆ ಹೊರಗೆ ಬಂದು "ಎಂತದಾ ತಮಾ ಅದು, ಯಾರ ಹೆಸ್ರು ಹೊಡೀತಾ ಇದ್ದೆ?" ಅಂದ್ಳು. ಯಾರದ್ದೂ ಅಲ್ಲ ಅಂದೆ. ಯಾರದ್ದೂ ಅಲ್ಲದ ಹೆಸರು ಎರಡು ಗಂಟೆ ಹೊಡೀತಾನೆ ಅಂತ ಒಳಗೆ ಹೋದ್ಲು. ಹೊಡೆದಾದ ಮೇಲೆ ಲೆಡ್ಜರಲ್ಲೇ ಇರೋ ರಿಕವರಿ ಚೆಕ್ ಅನ್ನೋದರಲ್ಲಿ ಪ್ಲೇಟ್ ನೋಡ್ಕೊಂಡು ಪದ ಹಾಕಿ ತಾಳೆ ನೋಡ್ದೆ, ಹೊಂದಿತು. ಹನ್ನೆರಡು ಒಂದು ಪ್ಲೇಟಲ್ಲಿ ಹನ್ನೆರಡು ಇನ್ನೊಂದರಲ್ಲಿ ಅಂತ ಸೀಳೋಕೆ ಹೋಗ್ಬೇಡಿ, ಒಂದು ಕಳೆದ್ರೆ ಎರಡೂ ಕಳೆದ ಹಾಗೆ. ಎರಡರಲ್ಲೂ ಪೂರ್ತಿ 24 ಹೊಡೆದೆ, ಮಾರನೇ ದಿನ ಕೈ ಎತ್ತೋಕೆ ಬರ್ಲಿಲ್ಲ.

ಹಾಗಾದ್ರೆ ಯಾವುದು ತಗೋಬೇಕು ಅಂದ್ರೆ, ಇಪ್ಪತ್ತು ಸಾವಿರದ ಒಳಗೆ ಇರೋರು ಒಂಬತ್ತೂವರೆ ಸಾವಿರದ ಡಬ್ಬಿ ತಗೊಳೋದು ಹತ್ತು ಕೆಜಿ ಅಡಿಕೆಗೆ ಗೋದಾಮು ಕಟ್ಟಿದ ಹಾಗೆ, ಎಕ್ಸ್‌ಚೇಂಜಲ್ಲೇ ಇಡಿ. ದಿನಾ ಮಾರೋದು ಕೊಳ್ಳೋದು ಮಾಡೋರಿಗೂ ಅದೇ. ಹಳೇ ಫೋನು ನನಗಂತೂ ಸೇರಲ್ಲ. ನಾನು ಈಗ್ಲೂ ತಿಂಗಳ ಎರಡು ಸಾವಿರದ್ದು ಎಕ್ಸ್‌ಚೇಂಜಲ್ಲೇ ತಗೊಳ್ತೀನಿ, ವಿದ್‌ಡ್ರಾ ಫೀಸು ಚಿಕ್ಕ ಮೊತ್ತಕ್ಕೆ ವಿಪರೀತ ಅನಿಸೋದ್ರಿಂದ ಐದಾರು ತಿಂಗಳಿದ್ದು ಕೂಡಿಸಿ ಒಂದೇ ಸಲ ಲೆಡ್ಜರಿಗೆ ತರ್ತೀನಿ.

ಎರಡನೇ ಪ್ಲೇಟು ಕಾರವಾರದಲ್ಲಿ ಅಕ್ಕನ ಮನೇಲಿ ಇದೆ, ಪೆಟ್ಟಿಗೇಲಿ ಹಾಕಿ ಮೊಹರು ಮಾಡಿ ಕೊಟ್ಟಿದ್ದು. ಮೊನ್ನೆ ದೇವಿಮನೆ ಘಟ್ಟ ಇಳಿದು ಹೋದಾಗ ತೆಗೆದು ನೋಡಿದ್ರೆ ಸಮುದ್ರದ ಗಾಳಿಗೆ ಸ್ಟೀಲಿಗೂ ಅಲ್ಲಲ್ಲಿ ಕಂದು ಚುಕ್ಕೆ ಬಂದಿದೆ. ಅಕ್ಷರ ಓದೋಕೆ ಬರತ್ತೆ. ಭಾವ ನೋಡಿ ನಕ್ಕು, ಇಲ್ಲಿ ಉಪ್ಪು ತಡೆಯೋದು 316 ಅನ್ನೋ ಸ್ಟೀಲು ಕಣೋ, ನಿಂದು ಅಡುಗೆಮನೆ ಸ್ಟೀಲು ಅಂದ್ರು. ಬೈತಖೋಲಲ್ಲಿ ಬೋಟಿನ ಕೆಲಸ ಮಾಡೋ ವೆಲ್ಡರ್ ಹತ್ರ ಒಂದು ತುಂಡು ಹೇಳಿಟ್ಟು ಬಂದಿದ್ದೀನಿ, ಮತ್ತೊಮ್ಮೆ 96 ಏಟು.